ಕಂಬದ ಸೊನ್ನೆ

ಫಿಲೊಮಿನಾ ಬಂದಾಗ ನಾನು ನೀರು ಓದುತ್ತಿದ್ದೆ.
ಬೈತಖೋಲ ಧಕ್ಕೆಯ ತುದಿಯಲ್ಲಿ ನನ್ನ ನೌಕರಿಯೇ ಅದು:
ಕಂಬ ನೋಡು, ಗಂಟೆ ನೋಡು, ಬರೆ.
ಅವಳ ಕಂಕುಳಲ್ಲಿ ಅಪ್ಪನ ಪುಸ್ತಕ,
ಕೈಯಲ್ಲಿ ಮೊಬೈಲು, ಮುಖದಲ್ಲಿ ತಕರಾರು.

"ಗುನಗಿ ಅಕ್ಕಾ, ಅಪ್ಪ ಸುಳ್ಳು ಹೇಳಿದನಾ?"

ಇನಾಸ್ ಲೋಪಿಸ್, ಬಂದರಿನ ಕರೆಂಟಿನವ,
ತೊಂಬತ್ನಾಲ್ಕರ ಚೌತಿ ಮುಗಿದ ವಾರ
ಮಂದಾರ ಪಂಪ್ಸಿನ ಐವತ್ತು ಷೇರು ಕೊಂಡಿದ್ದ.
ಒಂದಕ್ಕೆ ನಾನೂರ ಹನ್ನೆರಡು.
ಕ್ಯಾಂಟೀನಿನಲ್ಲಿ ನಾಲ್ಕು ದಿನ ಅದೇ ಮಾತು;
ಚಹಾದ ದುಡ್ಡು ಮಾತ್ರ ನಾವೇ ಕೊಟ್ಟೆವು.
ಈಗ ಅದೇ ತಾರೀಖು ಮೊಬೈಲಿನಲ್ಲಿ ಒತ್ತಿದರೆ
ನಲವತ್ತೊಂದು ರೂಪಾಯಿ ಇಪ್ಪತ್ತು ಪೈಸೆ.
ತಮ್ಮ ಆಗ್ನೆಲ್ ನಗುತ್ತಾನಂತೆ:
"ಅಪ್ಪ ಹಿಡಿದ ಮೀನಿನ ಉದ್ದವೂ ಹೀಗೇ,
ಹತ್ತರಿಂದ ಭಾಗಿಸಬೇಕು."

ಅವಳನ್ನು ಕಂಬದ ಹತ್ತಿರ ಕರೆದೆ.
ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ
ಹಳೆ ಕಂಬಕ್ಕೆ ಹುಳ ಹಿಡಿದು ಹೊಸದನ್ನು ನೆಟ್ಟರು,
ಸೊನ್ನೆ ಹದಿನಾಲ್ಕು ಸೆಂಟಿಮೀಟರ್ ಕೆಳಗಿಳಿಯಿತು.
ಆ ರಾತ್ರಿ ಸಮುದ್ರ ಏರಲಿಲ್ಲ. ಪುಸ್ತಕ ಏರಿತು.
ಮಳೆಗಾಲ ಪೂರ್ತಿ ಕೂತು
ಹಿಂದಿನ ಇಪ್ಪತ್ತು ವರ್ಷದ ನೀರಿಗೆಲ್ಲ
ಕೆಂಪು ಶಾಯಿಯಲ್ಲಿ ಹದಿನಾಲ್ಕು ಕೂಡಿಸಿದೆ,
ತೀರಿಹೋದವರು ಬರೆದಿಟ್ಟ ನೀರಿಗೂ.
ಅವರ್ಯಾರೂ ಸುಳ್ಳು ಬರೆದಿರಲಿಲ್ಲ.

ಮಂದಾರ ಪಂಪ್ಸೂ ಎರಡು ಸಾವಿರದ ಆರರಲ್ಲಿ
ಒಂದು ಷೇರನ್ನು ಹತ್ತು ಹೋಳು ಮಾಡಿತು.
ನಿಮ್ಮ ಐವತ್ತು ಐನೂರಾಯಿತು.
ಹೋಳು ಮಾಡಿದರೆ ಇಸ್ವಾಣ ದೊಡ್ಡದಾಗುವುದಿಲ್ಲ,
ಸಣ್ಣದೂ ಆಗುವುದಿಲ್ಲ.
ಆಮೇಲೆ ಯಾರೋ ಹಿಂದಕ್ಕೆ ಹೋಗಿ
ಹಳೆಯ ಬೆಲೆಗಳನ್ನೆಲ್ಲ ಹತ್ತರಿಂದ ಭಾಗಿಸಿದ.
ಇಲ್ಲದಿದ್ದರೆ ಆ ಒಂದು ದಿನ ಗೆರೆ
ಬಂಡೆಯ ಮೇಲಿಂದ ಬಿದ್ದ ಹಾಗೆ ಕಾಣುತ್ತಿತ್ತು,
ಒಬ್ಬರಿಗೂ ಒಂದು ಪೈಸೆ ಲುಕ್ಸಾನಾಗದೆ.

ಪುಸ್ತಕ ಖರೆ. ಮೊಬೈಲೂ ಖರೆ.
ಆಗ್ನೆಲ್‌ಗೆ ಹೇಳು.

"ಇದು ನೋಡು ಅಕ್ಕಾ, ಒಮ್ಮೆಗೇ ಎಷ್ಟು ಮೇಲೆ!"
ಬದಿಯ ಅಂಕಿ ನೋಡಿದೆ:
ಅವತ್ತು ಕೈ ಬದಲಾದದ್ದು ಹನ್ನೆರಡೇ ಷೇರು.
ಮಧ್ಯಾಹ್ನ ಎಲ್ಲರೂ ಎದ್ದುಹೋದ ಮೇಲೆ
ಕೊನೆಯ ಬುಟ್ಟಿಗೆ ಒಬ್ಬ ಕುಡುಕ ಕೂಗಿದ ದರ
ಇಡೀ ಮೀನುಪೇಟೆಯ ದರವೇ?
ಅವಳಿಗೆ ಗೊತ್ತು. ಅವಳಮ್ಮ ಅಲ್ಲೇ ಕೂರುತ್ತಿದ್ದಳು.

"ಹಾಗಾದರೆ ಮಾರಲೋ, ಇಟ್ಟುಕೊಳ್ಳಲೋ?"

ಮುಂದಿನ ದೀಪಾವಳಿ ಅಮಾವಾಸ್ಯೆಗೆ
ಕಾಳಿಯ ಬಾಯಲ್ಲಿ ನೀರು ಎಷ್ಟು ನಿಲ್ಲುತ್ತದೆ,
ಇವತ್ತೇ ಬರೆದುಕೊಡುತ್ತೇನೆ;
ತಪ್ಪಿದರೆ ಗೇಣಿನೊಳಗೆ ತಪ್ಪೀತು.
ಬೆಲೆಗೆ ಚಂದ್ರನಿಲ್ಲ ಮಾರಾಯ್ತಿ.
ನೀರು ಎಲ್ಲಿಯತನಕ ಬಂದಿತ್ತು ಎಂದಷ್ಟೇ
ಕಂಬದ ಪಾಚಿ ಹೇಳುತ್ತದೆ.

ಅವಳು ಪುಟ ತಿರುವಿದಳು.
ಎರಡು ಸಾವಿರದ ಒಂದು, ಸೆಪ್ಟೆಂಬರ್.
ಎಂಬತ್ತೆಂಟು. ಮೊಬೈಲಿನಲ್ಲಿ ಎಂಟು ಎಂಬತ್ತು.
ಪಕ್ಕದಲ್ಲಿ ಇನಾಸನ ಮೊಂಡು ಪೆನ್ಸಿಲ್:
*ಬಂಗಡೆ ನೂರಕ್ಕೆ ನೂರೈವತ್ತು.
ಡಿವಿಡೆಂಡ್ ಚೆಕ್ಕು ಬಂತು. ಫಿಲ್ಲುಗೆ ಕನ್ನಡಕ.
ಮಾರಲಿಲ್ಲ.*

ಅವಳು ಕನ್ನಡಕ ತೆಗೆದು ಸೆರಗಿಗೆ ಒರೆಸಿದಳು.
ಇದು ಅದಲ್ಲ, ಅದಾದಮೇಲೆ ನಾಲ್ಕನೆಯದು.
ಆ ಮೊದಲ ಕನ್ನಡಕ ಮೊಬೈಲಿನ ಗೆರೆಯಲ್ಲಿ
ಏರಿಕೆಯಾಗಿಯೂ ಇಲ್ಲ, ಇಳಿಕೆಯಾಗಿಯೂ ಇಲ್ಲ.
ಬಂಗಡೆಯನ್ನಂತೂ ಯಾರೂ
ಹಿಂದಕ್ಕೆ ಹೋಗಿ ತಿದ್ದಿಲ್ಲ.

ಕೊನೆಯ ಪುಟದಲ್ಲಿ ತಾರೀಖು ಮಾತ್ರ ಇವೆ.
ತಿಂಗಳ ಮೊದಲೇ ತಾರೀಖು ಹಾಕಿಡುವುದು ಅವನ ಚಾಳಿ.
ಭಾನುವಾರಕ್ಕೆ "ರಜೆ" ಅಂತಲೂ ಬರೆದಿದ್ದಾನೆ.
ಉಳಿದ ಮನೆಗಳು ಖಾಲಿ.

ಫಿಲೊಮಿನಾ ನನ್ನ ಪೆನ್ನು ಕೇಳಿದಳು.
"ಇವತ್ತು ಬಂಗಡೆ ಎಷ್ಟಂತೆ ಅಕ್ಕಾ?"
ಗೊತ್ತಿಲ್ಲ, ಬೆಳಿಗ್ಗೆ ಪೇಟೆಗೆ ಹೋಗಿಲ್ಲ ಅಂದೆ.
ಐದು ಗಂಟೆಯಾಗಿತ್ತು.
ಬಗ್ಗಿ ನೋಡಿದೆ: ಒಂದು ಮೀಟರ್ ಅರವತ್ತೆರಡು.
ಪೆನ್ನು ಅವಳ ಹತ್ತಿರ ಇತ್ತು.
ಬಾಯಲ್ಲೇ ಹೇಳಿಕೊಳ್ಳುತ್ತಾ ನಿಂತೆ,
ಅರವತ್ತೆರಡು, ಅರವತ್ತೆರಡು.